ಡ್ರೈವ್ ಕೊಳ್ಳುವ ಮೊದಲು ಮುಚ್ಚಳ ತೆಗೆಸಿ ನೋಡ್ರಿ

ನಮಸ್ಕಾರ. ಇವತ್ತಿನ ಮಾತು ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲಿನವರಿಗೆ. 50 ಎಚ್‌ಪಿ ಡ್ರೈವ್ (ಮೋಟಾರಿನ ವೇಗ ಹೆಚ್ಚುಕಮ್ಮಿ ಮಾಡೋ ಪೆಟ್ಟಿಗೆ) ತರುವಾಗ ರೇಟು ಕೇಳ್ತೀರಿ, ವಾರಂಟಿ ಕೇಳ್ತೀರಿ. ಒಳಗೆ ಏನಿದೆ ಅಂತ ಯಾರೂ ನೋಡೋದಿಲ್ಲ. ಒಳಗಿನ ಭಾಗಗಳು ಸ್ಟ್ಯಾಂಡರ್ಡ್ ಅಳತೆಯವಲ್ಲದಿದ್ದರೆ, ಸುಗ್ಗಿಯಲ್ಲಿ ಒಂದು ಐಜಿಬಿಟಿ (ಮೋಟಾರಿನ ಕರೆಂಟನ್ನ ಬೇಗಬೇಗ ಆನ್-ಆಫ್ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್ಚು) ಸುಟ್ಟರೂ ಮಿಲ್ಲು ನಿಂತಂಗೆ.

ಸಣ್ಣ ಡ್ರೈವ್‌ಗಳಲ್ಲಿ ರೆಕ್ಟಿಫೈಯರ್ (ಎಸಿಯನ್ನ ಡಿಸಿ ಮಾಡೋದು), ಇನ್ವರ್ಟರ್ (ಡಿಸಿಯನ್ನ ಮತ್ತೆ ಎಸಿ ಮಾಡೋದು), ಬ್ರೇಕ್ ಎಲ್ಲ ಒಂದೇ ಮಾಡ್ಯೂಲ್‌ನಲ್ಲಿರ್ತವೆ. 15 ಎಚ್‌ಪಿವರೆಗೆ ಪರವಾಗಿಲ್ಲ, ಇನ್ನೊಂದು ಡ್ರೈವನ್ನೇ ಸ್ಪೇರ್ ಇಟ್ಟುಕೊಳ್ರಿ. ದೊಡ್ಡದರಲ್ಲಿ ಮಾತ್ರ ಫೇಸಿಗೊಂದರಂತೆ ಮೂರು ಹಾಫ್ ಬ್ರಿಡ್ಜ್ (ಎರಡು ಐಜಿಬಿಟಿಗಳ ಜೋಡಿ) ಮಾಡ್ಯೂಲ್ ಇರೋದನ್ನೇ ಕೇಳ್ರಿ. ಜಾಗ ಹೆಚ್ಚು ಬೇಕು, ದುಡ್ಡೂ ಸ್ವಲ್ಪ ಹೆಚ್ಚು. ಆದರೆ ಒಂದೇ ಸ್ಪೇರ್ ಮೂರೂ ಫೇಸಿಗೆ ಆಗ್ತದೆ. 62 ಮಿಲಿಮೀಟರ್ ಮಾದರಿಯ ಮಾಡ್ಯೂಲ್‌ನಲ್ಲಿ ಸ್ಕ್ರೂ ತೂತುಗಳ ಅಂತರ ಉದ್ದಕ್ಕೆ 93, ಅಗಲಕ್ಕೆ 48 ಮಿಮೀ. ಇನ್ಫಿನಿಯಾನ್, ಸೆಮಿಕ್ರಾನ್ (ಈಗ ಸೆಮಿಕ್ರಾನ್ ಡ್ಯಾನ್‌ಫಾಸ್) ಕಂಪನಿಗಳೆರಡೂ ಇದೇ ಅಳತೆಯಲ್ಲಿ ಮಾಡ್ತವೆ. 415 ವೋಲ್ಟ್ ಲೈನಿಗೆ ಡಿಸಿ ಬಸ್ (ರೆಕ್ಟಿಫೈಯರ್ ದಾಟಿದ ಮೇಲಿನ ಡಿಸಿ ಲೈನು) 587 ವೋಲ್ಟ್ ಆಗೋದರಿಂದ 1200 ವೋಲ್ಟಿನ ಮಾಡ್ಯೂಲೇ ಬೇಕು.

ಹಂಗಂತ ತೂತು ಕೂತರೆ ಕೆಲಸ ಮುಗೀತು ಅನ್ನೋಹಂಗಿಲ್ಲ. ಗೇಟ್ ಚಾರ್ಜ್ (ಐಜಿಬಿಟಿ ಆನ್ ಆಗೋಕೆ ಅದರ ಗೇಟಿಗೆ ತುಂಬಬೇಕಾದ ಚಾರ್ಜ್) ಹೆಚ್ಚಿರೋ ಮಾಡ್ಯೂಲ್ ಹಾಕಿದರೆ, ಆನ್-ಆಫ್ ಸಿಗ್ನಲ್ ಕೊಡೋ ಹಳೇ ಡ್ರೈವರ್ ಕಾರ್ಡಿಗೆ ಅದನ್ನ ಬೇಗ ಆನ್ ಮಾಡೋಕೆ ಆಗಲ್ಲ, ಬಿಸಿ ಏರ್ತದೆ. ತೀರಾ ವೇಗದ್ದು ಹಾಕಿದರೆ ಆಫ್ ಆಗೋವಾಗ ವೋಲ್ಟೇಜ್ ಚಿಮ್ಮಿ ಒಡೀತದೆ. ಎರಡೂ ಡೇಟಾಶೀಟ್ ಪಕ್ಕದಲ್ಲಿಟ್ಟು ನೋಡಲೇಬೇಕು.

ಬದಲಾಯಿಸೋವಾಗ ನಮ್ಮ ಕಡೆ ಆಗೋ ದೊಡ್ಡ ತಪ್ಪು ಇನ್ನೊಂದಿದೆ. ಐಜಿಬಿಟಿ ಶಾರ್ಟ್ ಆದಾಗ ಬಸ್ ವೋಲ್ಟೇಜ್ ಗೇಟಿನ ದಾರಿಯಲ್ಲಿ ಹಿಂದಕ್ಕೆ ನುಗ್ಗಿ ಡ್ರೈವರ್ ಕಾರ್ಡನ್ನೂ ಸುಟ್ಟಿರ್ತದೆ. ಅದನ್ನ ನೋಡದೆ ಹೊಸ ಮಾಡ್ಯೂಲ್ ಕೂರಿಸಿದರೆ ಸ್ವಿಚ್ ಹಾಕಿದ ಕೂಡಲೇ ಅದೂ ಢಮಾರ್. ಪವರ್ ತೆಗೆದು ಹತ್ತು ನಿಮಿಷ ಬಿಟ್ಟು, ಬಸ್ಸಿನಲ್ಲಿ ವೋಲ್ಟೇಜ್ ಇಳಿದಿದೆಯಾ ಅಂತ ಮೀಟರ್ ಇಟ್ಟೇ ಖಾತ್ರಿ ಮಾಡ್ಕೊಳ್ರಿ. ಹೀಟ್‌ಸಿಂಕಿನ (ಶಾಖ ಹೊರಹಾಕೋ ಲೋಹದ ಭಾಗ) ತೌಡು ಪೂರ್ತಿ ತೆಗೆದು, ಶಾಖ ದಾಟಿಸೋ ಪೇಸ್ಟ್ ತೆಳ್ಳಗೆ ಸವರ್ರಿ. ದಪ್ಪ ಬಳಿದರೆ ಶಾಖ ದಾಟೋದಿಲ್ಲ. ಎಂ6 ಸ್ಕ್ರೂಗಳನ್ನ ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲೇ, ಡೇಟಾಶೀಟಿನ ಲೆಕ್ಕಕ್ಕೆ ಬಿಗೀರಿ. ಮೊದಲ ಸಲ ಮೋಟಾರ್ ಕಟ್ಟದೆ, ಕೆಪ್ಯಾಸಿಟರ್ ಮತ್ತು ಮಾಡ್ಯೂಲ್ ನಡುವೆ 100 ವ್ಯಾಟಿನ ಮೂರು ಹಳೇ ಫಿಲಮೆಂಟ್ ಬಲ್ಬ್ ಸೀರೀಸ್ ಹಾಕಿ ಚಾಲೂ ಮಾಡ್ರಿ. ಬಲ್ಬ್ ಜೋರಾಗಿ ಉರಿದರೆ ಇನ್ನೂ ಶಾರ್ಟ್ ಇದೆ, ಆದರೆ ಮಾಡ್ಯೂಲ್ ಉಳೀತದೆ.

ರಾಯಚೂರು ಬಿಸಿಲಿಗೆ ಕೆಪ್ಯಾಸಿಟರೇ ಮೊದಲ ಬಲಿ. ಹತ್ತು ಡಿಗ್ರಿ ಬಿಸಿ ಏರಿದರೆ ಅದರ ಆಯಸ್ಸು ಹೆಚ್ಚುಕಮ್ಮಿ ಅರ್ಧಕ್ಕಿಳೀತದೆ. ಸ್ಕ್ರೂ ಟರ್ಮಿನಲ್ಲಿನ 400 ವೋಲ್ಟಿನವು ಎರಡೆರಡು ಸೀರೀಸ್ ಇದ್ದರೆ ಒಳ್ಳೇದು, ಎಲ್ಲಿ ಬೇಕಾದರೂ ಸಿಗ್ತವೆ. ಸ್ಪೇರ್ ತಂದು ಎರಡು ವರ್ಷ ಬೀರುವಿನಲ್ಲಿಟ್ಟಿದ್ದರೆ ಮಾತ್ರ ನೇರ ಜೋಡಿಸಬೇಡ್ರಿ. ಕರೆಂಟ್ ತಡೆಯೋ ರೆಸಿಸ್ಟರ್ ಮೂಲಕ ವೋಲ್ಟೇಜನ್ನ ನಿಧಾನಕ್ಕೆ ಏರಿಸಿ, ಲೀಕೇಜ್ (ಸೋರೋ ಕರೆಂಟ್) ಇಳಿದ ಮೇಲೇ ಪ್ಯಾನಲ್ಲಿಗೆ ಹಾಕ್ರಿ.