ಟ್ರಾಕ್ಸ್ಲರ್ ಆಡಿದ 17 ನಡೆಗಳು

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಚೆಸ್ ಬೋರ್ಡ್ ಸ್ವಲ್ಪ ನೋಡಿ. ಬಿಳಿ ಕಡೆ ರಾಣಿ ಇದೆ, ಆನೆ, ಒಂಟೆ, ಕುದುರೆ ಎರಡೆರಡೂ ಇವೆ. ಹೋಗಿರುವುದು ಎರಡೇ ಕಾಲಾಳು. ಕಪ್ಪಿಗೆ ರಾಣಿ ಇಲ್ಲ, ಎರಡು ಕುದುರೆಯೂ ಇಲ್ಲ, ಮೂರು ಕಾಲಾಳು ಕೂಡ ಹೋಗಿವೆ. ಆದರೆ ಮೇಟ್ ಆಗಿರುವುದು, ಅಂದರೆ ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಸೋತಿರುವುದು, ಬಿಳಿ ರಾಜ!

ಕಪ್ಪು ಕಾಯಿ ನಡೆಸಿದವರು ಕಾರೆಲ್ ಟ್ರಾಕ್ಸ್ಲರ್. ಬೊಹೇಮಿಯಾದ (ಈಗಿನ ಚೆಕ್ ದೇಶದ ಭಾಗ) ಕ್ಯಾಥೊಲಿಕ್ ಪಾದ್ರಿ. ಹುಟ್ಟಿದ್ದು 1866, ತೀರಿಕೊಂಡಿದ್ದು 1936. ಈ ಆಟ 1890ರದ್ದು, ಹೊಸ್ತೌನ್ ಎಂಬ ಊರಿನಲ್ಲಿ ಆಡಿದ್ದು. ಎದುರಿಗೆ ಕೂತಿದ್ದವರು ರೈನಿಶ್.

ಟ್ರಾಕ್ಸ್ಲರ್ ಹೆಸರು ಓಪನಿಂಗ್, ಅಂದರೆ ಆಟದ ಮೊದಲ ನಡೆಗಳ ಪುಸ್ತಕಗಳಲ್ಲಿ ಉಳಿದಿದೆ. ಆದರೆ ಅವರು ಜಾಸ್ತಿ ಮನಸ್ಸು ಕೊಟ್ಟಿದ್ದು ಚೆಸ್ ಸಮಸ್ಯೆ, ಅಂದರೆ ಇಷ್ಟು ನಡೆಯಲ್ಲಿ ಮೇಟ್ ಮಾಡಿ ಎನ್ನುವಂಥ ಒಗಟು ಕಟ್ಟುವುದಕ್ಕೆ. ಆಗ ಅಲ್ಲಿ ಕೋನಿಗ್, ಖೊಖೊಲೌಷ್, ದೊಬ್ರುಸ್ಕಿ ಮೊದಲಾದವರು ತಮ್ಮದೇ ಒಂದು ದಾರಿ ಮಾಡಿದ್ದರು. ಅದಕ್ಕೆ ಬೊಹೇಮಿಯನ್ ಶೈಲಿ ಎಂದು ಹೆಸರು. ಅವರಿಗೆ ಸುಮ್ನೆ ಮೇಟ್ ಆದರೆ ಸಾಲದು. ರಾಜನ ಸುತ್ತಲಿನ ಪ್ರತಿ ಮನೆಗೂ ಒಂದೇ ಕಾವಲು ಇರಬೇಕು. ಎರಡು ಕಾಯಿ ಒಂದೇ ಮನೆ ಕಾದರೆ ಅದು ದುಂದು. ಮೇಟ್ ಕೊಡುವ ಕಡೆಯಲ್ಲಿ, ರಾಜ ಮತ್ತು ಕಾಲಾಳು ಬಿಟ್ಟರೆ, ಕೆಲಸವಿಲ್ಲದ ಕಾಯಿಯೂ ಇರಬಾರದು. ಇದೇ ಮಾದರಿ ಮೇಟ್. ಒಂದೇ ಸಮಸ್ಯೆಯಲ್ಲಿ ಇಂಥವು ಎರಡು ಮೂರು ಬಂದರೆ ಅವರಿಗೆ ಹಬ್ಬ.

ಈಗ ಆಟಕ್ಕೆ ಬರೋಣ. ಮನೆಗಳ ಹೆಸರಿನಲ್ಲಿ ಅಕ್ಷರ ಉದ್ದ ಸಾಲು, ಎಡದಿಂದ ಎ ಇಂದ ಎಚ್; ಅಂಕೆ ಅಡ್ಡ ಸಾಲು, ಬಿಳಿ ಕಡೆಯಿಂದ 1ರಿಂದ 8. ನಾಲ್ಕನೇ ನಡೆಗೇ ಬಿಳಿಯ ಕುದುರೆ ಮತ್ತು ಒಂಟೆ ಎರಡೂ ಎಫ್7ರ ಮೇಲೆ ಕಣ್ಣಿಟ್ಟಿವೆ. ಯಾರಾದರೂ ಕಾಲಾಳನ್ನು ಡಿ5ಕ್ಕೆ ತಳ್ಳಿ ಒಂಟೆಯ ದಾರಿ ಮುಚ್ಚುತ್ತಾರೆ, ಅಲ್ವಾ? ಟ್ರಾಕ್ಸ್ಲರ್ ಒಂಟೆಯನ್ನು ಸಿ5ಕ್ಕೆ ತಂದರು. ಕುದುರೆ ಎಫ್7ಕ್ಕೆ ನುಗ್ಗಿ ರಾಣಿ, ಆನೆ ಎರಡಕ್ಕೂ ಗುರಿ ಇಟ್ಟಿತು. ಟ್ರಾಕ್ಸ್ಲರ್ ಒಂಟೆಯಿಂದ ಎಫ್2 ಕಾಲಾಳು ಹೊಡೆದು ಚೆಕ್ ಕೊಟ್ಟರು, ಅಂದರೆ ರಾಜನ ಮೇಲೇ ಗುರಿ ಇಟ್ಟರು. ಅಲ್ಲಿಂದ ಬಿಳಿ ರಾಜ ಮನೆ ಬಿಟ್ಟು ಹೊರಟ. 17 ನಡೆಯ ಆಟದಲ್ಲಿ 9 ನಡೆ ರಾಜನದೇ! ಡಿ3, ಸಿ3, ಬಿ4 ಅಂತ ನಡೆಯುತ್ತಾ ಎ5ರವರೆಗೆ ಹೋದ. ಅಷ್ಟರಲ್ಲಿ ಕಪ್ಪು ರಾಣಿ ಹೋಗಿತ್ತು. ಕೊನೆಯ ಕುದುರೆಯನ್ನೂ ಟ್ರಾಕ್ಸ್ಲರ್ ಬಿ4ರಲ್ಲಿ ಕೊಟ್ಟರು. ರಾಜ ಅದನ್ನು ತಿಂದ. ಆಗ ಸಿ7ರ ಕಾಲಾಳು ಎರಡು ಮನೆ ಹಾರಿ ಸಿ5ಕ್ಕೆ ಬಂತು. ಮೇಟ್.

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದೊಂದೇ ಮನೆ ಬೆರಳಿಟ್ಟು ನೋಡಿ. ಎ3, ಎ4, ಎ5 ಮೂರನ್ನೂ ಎ8ರ ಆನೆ ಕಾಯುತ್ತಿದೆ. ಬಿ5, ಸಿ4 ಎರಡೂ ಡಿ3 ಒಂಟೆಯ ಪಾಲು. ಡಿ4ರ ಒಂಟೆ ಸಿ3 ಕಾಯುತ್ತಾ, ಚೆಕ್ ಕೊಟ್ಟ ಕಾಲಾಳಿಗೂ ಬೆನ್ನಾಗಿ ನಿಂತಿದೆ. ಬಿ3ರಲ್ಲಿ ಬಿಳಿಯದೇ ಒಂಟೆ ರಾಜನಿಗೆ ಅಡ್ಡ. ಒಂದು ಮನೆಗೂ ಎರಡು ಕಾವಲಿಲ್ಲ. ಮೊದಲ ಸಲ ಇದನ್ನು ಎಣಿಸಿದಾಗ ನನಗೆ ಮೈ ಜುಮ್ಮೆಂದಿತ್ತು. ಸಮಸ್ಯೆ ಕಟ್ಟುವವರು ದಿನಗಟ್ಟಲೆ ಕೂತು ಹುಡುಕುವ ಚಿತ್ರ ಇಲ್ಲಿ ನಿಜವಾದ ಆಟದಲ್ಲೇ ಬಂದಿದೆ. ಮಾದರಿ ಮೇಟ್ ಎನ್ನಲು ಒಂದೇ ಅಡ್ಡಿ: ಎಚ್8ರ ಆನೆ ಕೊನೆಯವರೆಗೂ ಕದಲಲಿಲ್ಲ, ಅದಕ್ಕೆ ಕೆಲಸವೂ ಇಲ್ಲ.

ಒಂಟೆಯನ್ನು ಸಿ5ಕ್ಕೆ ತರುವ ಈ ಓಪನಿಂಗನ್ನು ಅಮೆರಿಕದಲ್ಲಿ ವಿಲ್ಕ್ಸ್-ಬಾರ್ ಎನ್ನುತ್ತಾರೆ, ಅದು ಪೆನ್ಸಿಲ್ವೇನಿಯಾದ ಒಂದು ಊರಿನ ಹೆಸರು. ಈಗಿನ ಬಲವಾದ ಆಟಗಾರರು ಎಫ್7ನ್ನು ಕುದುರೆಯಿಂದಲ್ಲ, ಒಂಟೆಯಿಂದ ಹೊಡೆಯುವುದೇ ಹೆಚ್ಚು. ಬನ್ನಿ, ಕಾಯಿಗಳನ್ನು ಮೊದಲಿನಿಂದ ಜೋಡಿಸೋಣ. ಬಿಳಿ ಕಡೆ ಯಾರು ಕೂರುತ್ತೀರಿ?