ಮೇದೋಜೀರಕ ಗ್ರಂಥಿ ಸೊರಗಿದಾಗ: ಯಾವ ಮಾತ್ರೆ, ಎಷ್ಟು, ಯಾವಾಗ

ಎಲ್ಲರಿಗೂ ನಮಸ್ಕಾರ.

ಮಂಡ್ಯ, ಮೈಸೂರು ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ. ಇವತ್ತು ಹೇಳಹೊರಟಿರುವ, ಊಟ ಜೀರ್ಣಿಸಲು ನೆರವಾಗುವ ಎಂಜೈಮ್ ಕ್ಯಾಪ್ಸೂಲನ್ನೂ ಹಾಗೇ ನುಂಗಬೇಕು. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ಪೆಪ್ಟೈಡ್ ವಿಷಯ ಮುಗಿಸಿಬಿಡೋಣ. ಪೆಪ್ಟೈಡ್ ಎಂದರೆ ಅಮೈನೊ ಆಮ್ಲಗಳ ಸರಪಳಿ, ಪ್ರೋಟೀನಿನ ಚಿಕ್ಕ ರೂಪ. ಮೇದೋಜೀರಕ ಗ್ರಂಥಿಗೆ, ಅಂದರೆ ಪ್ಯಾಂಕ್ರಿಯಾಸ್‌ಗೆ ಬಲ ಕೊಡುತ್ತದೆ ಎಂದು ಪೆಪ್ಟೈಡ್ ಡಬ್ಬಿಗಳನ್ನು ಮಾರುತ್ತಾರೆ. ಇನ್ಸುಲಿನ್ ಕೂಡ 51 ಅಮೈನೊ ಆಮ್ಲಗಳ ಪೆಪ್ಟೈಡೇ. ಅದನ್ನು ಸೂಜಿಯಲ್ಲಿ ಯಾಕೆ ಕೊಡುತ್ತೇವೆ? ಬಾಯಿಂದ ಹೋದರೆ ಬೇಳೆಯ ಪ್ರೋಟೀನಿನ ಹಾಗೆ ಹೊಟ್ಟೆಯಲ್ಲಿ ಚೂರುಚೂರಾಗುತ್ತದೆ. ಡಬ್ಬಿಯ ಪೆಪ್ಟೈಡ್‌ನ ಗತಿಯೂ ಬಹುಪಾಲು ಅದೇ. ಆಸ್ಪತ್ರೆಯಲ್ಲಿ ಟ್ಯೂಬಿನಲ್ಲಿ ಕೊಡುವ ಪೆಪ್ಟೈಡ್ ಆಹಾರ ಬೇರೆ. ಅದು ಮೊದಲೇ ಒಡೆದಿಟ್ಟ ಪ್ರೋಟೀನಿನ ಊಟ, ಔಷಧಿಯಲ್ಲ.

ಗ್ರಂಥಿಯ ಉರಿಯೂತ ಬಿಡದೆ ಉಳಿಯುವ ದೀರ್ಘಕಾಲದ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ನಿಜವಾಗಿ ಕೊರತೆಯಾಗುವುದು ಜೀರ್ಣರಸ. ಜಿಡ್ಡು ಕರಗದೆ ಮಲದಲ್ಲಿ ಹೋಗುತ್ತದೆ: ತೇಲುತ್ತದೆ, ನಾರುತ್ತದೆ, ಎರಡು ಸಲ ನೀರು ಹಾಕಿದರೂ ಕಮೋಡಿಗೆ ಅಂಟಿಕೊಂಡೇ ಇರುತ್ತದೆ. ಮಲದ ಎಲಾಸ್ಟೇಸ್ (ಪ್ಯಾಂಕ್ರಿಯಾಸಿನ ಒಂದು ಎಂಜೈಮ್) ಪರೀಕ್ಷೆಯಲ್ಲಿ ಗ್ರಾಂಗೆ 200 ಮೈಕ್ರೊಗ್ರಾಂಗಿಂತ ಕಡಿಮೆ ಬಂದರೆ ಅನುಮಾನ, 100ಕ್ಕಿಂತ ಕೆಳಗಿದ್ದರೆ ಕೊರತೆ ಜೋರಾಗಿದೆ. ನೀರುಭೇದಿ ಆಗುತ್ತಿರುವಾಗ ಕೊಟ್ಟ ಸ್ಯಾಂಪಲ್ಲನ್ನು ನಂಬಬೇಡಿ, ಅಂಕಿ ಸುಳ್ಳೇ ಇಳಿದಿರುತ್ತದೆ.

ಈ ಕೊರತೆ ತುಂಬುವ ಎಂಜೈಮ್ ಕ್ಯಾಪ್ಸೂಲನ್ನು ಲೈಪೇಸ್ (ಜಿಡ್ಡು ಒಡೆಯುವ ಎಂಜೈಮ್) ಯೂನಿಟ್‌ನಲ್ಲಿ ಲೆಕ್ಕ ಹಾಕುತ್ತಾರೆ. ದೊಡ್ಡವರಿಗೆ ಒಂದು ಊಟಕ್ಕೆ 40,000ದಿಂದ 50,000, ಸಂಜೆಯ ತಿಂಡಿಗೆ ಅದರ ಅರ್ಧ. ಒಂದು ತುಂಡು ಮೈಸೂರು ಪಾಕ್ ಕೂಡ ತಿಂಡಿಯೇ, ಅದರ ತುಪ್ಪ ಲೆಕ್ಕಕ್ಕೆ ಬರುತ್ತದೆ. ಮೊದಲ ತುತ್ತಿನ ಜೊತೆ ಒಂದು ಪಾಲು, ಊಟದ ನಡುವೆ ಇನ್ನೊಂದು ಪಾಲು. ತುಂಬ ಜನ ತಪ್ಪುವುದು ಇಲ್ಲೇ: ಕೈ ತೊಳೆದಮೇಲೆ ನುಂಗುತ್ತಾರೆ, ಅಷ್ಟರಲ್ಲಿ ಅನ್ನ ಮುಂದೆ ಹೋಗಿರುತ್ತದೆ. ಒಳಗಿನ ಕಾಳುಗಳ ಮೇಲೆ ಹೊಟ್ಟೆಯ ಆಮ್ಲ ತಡೆಯುವ ಲೇಪವಿದೆ. ಅಗಿದರೆ ಲೇಪ ಒಡೆದು ಎಂಜೈಮ್ ಹಾಳಾಗುತ್ತದೆ, ಬಾಯಿ ಹುಣ್ಣಾಗುತ್ತದೆ. ಬಿಸಿ ಕಾಫಿಯ ಜೊತೆಯೂ ಬೇಡ, ತಣ್ಣೀರು ಸಾಕು. ಬೇಸಿಗೆಯಲ್ಲಿ ಕಾರಿನಲ್ಲೋ ಸ್ಕೂಟರ್ ಡಿಕ್ಕಿಯಲ್ಲೋ ಇಡಬೇಡಿ. ಈ ಎಂಜೈಮ್ ಹಂದಿಯ ಗ್ರಂಥಿಯಿಂದ ತೆಗೆದದ್ದು. ಬೇಡ ಎನ್ನುವವರಿಗೆ ಮುಂಚೆಯೇ ಗೊತ್ತಿರಲಿ.

ಸರಿಯಾಗಿ ತೆಗೆದುಕೊಂಡರೂ ಗುಣ ಕಾಣದಿದ್ದರೆ ಡೋಸ್ ಏರಿಸುತ್ತಾರೆ, ಆಮ್ಲ ತಗ್ಗಿಸುವ ಮಾತ್ರೆ ಸೇರಿಸುತ್ತಾರೆ. ಕುಡಿತ, ಬೀಡಿ ಬಿಡದೆ ಡೋಸ್ ಏರಿಸಿ ಏನು ಪ್ರಯೋಜನ?

ಇನ್ನು ವಿಟಮಿನ್. ಜಿಡ್ಡಿನ ಜೊತೆ ಎ, ಡಿ, ಇ, ಕೆ ನಾಲ್ಕೂ ಸೋರಿಹೋಗುತ್ತವೆ. ಬಿ12 ಕೂಡ ಕಡಿಮೆಯಾಗಬಹುದು. ರಕ್ತ ಪರೀಕ್ಷೆ ಮಾಡಿಸಿ ಕೊರತೆಯಿದ್ದದ್ದನ್ನು ಮಾತ್ರ ತುಂಬಿಸಿ. 60,000 ಯೂನಿಟ್‌ನ ಡಿ ಪೊಟ್ಟಣ ಸಾಮಾನ್ಯವಾಗಿ ವಾರಕ್ಕೊಂದು. ದಿನಕ್ಕೊಂದರಂತೆ ತಿಂಗಳುಗಟ್ಟಲೆ ತಿಂದರೆ ಕ್ಯಾಲ್ಸಿಯಂ ಏರುತ್ತದೆ, ಆ ಕ್ಯಾಲ್ಸಿಯಮ್ಮೇ ಪ್ಯಾಂಕ್ರಿಯಾಸನ್ನು ಉರಿಯೂತಕ್ಕೆ ದೂಡಬಲ್ಲದು. ನೋವಿಗೆ ಆಂಟಿಆಕ್ಸಿಡೆಂಟ್ ಕೊಡುವುದರಲ್ಲಿ ಒಮ್ಮತವಿಲ್ಲ: 2009ರ ದೆಹಲಿ ಅಧ್ಯಯನದಲ್ಲಿ ನೋವು ತಗ್ಗಿತು, 2012ರ ಬ್ರಿಟನ್ ಅಧ್ಯಯನದಲ್ಲಿ ತಗ್ಗಲಿಲ್ಲ.

ಸಕ್ಕರೆ ಕಾಯಿಲೆಯೂ ಇದ್ದರೆ ಒಂದು ಎಚ್ಚರ. ಎಂಜೈಮ್ ಶುರುವಾಗಿ ಊಟ ಮೈಗೆ ಹತ್ತಿದಂತೆ ಸಕ್ಕರೆ ಏರಬಹುದು. ಮೊದಲ ವಾರಗಳಲ್ಲಿ ಗ್ಲುಕೋಮೀಟರ್‌ನಲ್ಲಿ ಹೆಚ್ಚು ಸಲ ನೋಡಿ, ಇನ್ಸುಲಿನ್ ಹೊಂದಿಸಲು ಆ ಅಂಕಿಗಳನ್ನು ಬರೆದುಕೊಂಡು ವೈದ್ಯರ ಹತ್ತಿರ ಹೋಗಿ.