ಒಂದೇ ಊರು, 18 ವರ್ಷದ ಅಂತರ: 371 ನಗರಗಳ ಲೆಕ್ಕ ಒಟ್ಟಿಗೆ ಹಾಕಿದ ಕಥೆ

[ಓಪನಿಂಗ್: ಸ್ಯಾಂಟಿಯಾಗೋ ಡ್ರೋನ್ ಶಾಟ್, ಹಿಂದೆ ಆಂಡಿಸ್ ಬೆಟ್ಟ]

ನಮಸ್ಕಾರ ಎಲ್ರಿಗೂ. ಇದು ಚಿಲಿ ದೇಶದ ರಾಜಧಾನಿ ಸ್ಯಾಂಟಿಯಾಗೋ. ಈ ಊರಲ್ಲಿ ಒಂದು ಏರಿಯಾದ ಹೆಂಗಸರು ಸರಾಸರಿ ಎಷ್ಟು ವರ್ಷ ಬದುಕ್ತಾರೆ ಅಂತ ಲೆಕ್ಕ ಹಾಕಿ, ಅದೇ ಊರಿನ ಇನ್ನೊಂದು ಏರಿಯಾ ಪಕ್ಕದಲ್ಲಿಟ್ಟು ನೋಡಿದ್ರೆ ಹತ್ತಿರ ಹತ್ತಿರ 18 ವರ್ಷ ವ್ಯತ್ಯಾಸ ಬರುತ್ತೆ. ಒಂದು ಏರಿಯಾದ ಅಜ್ಜಿಗೆ ಮೊಮ್ಮಕ್ಕಳು ದೊಡ್ಡವರಾಗೋದನ್ನ ನೋಡೋ ಭಾಗ್ಯ ಇದೆ, ಇನ್ನೊಂದು ಏರಿಯಾದ ಅಜ್ಜಿಗೆ ಇಲ್ಲ, ಅಷ್ಟು ದೊಡ್ಡ ವ್ಯತ್ಯಾಸ ಅದು. ಪನಾಮಾ ಸಿಟಿಲೂ ಸುಮಾರು 15 ವರ್ಷ. ಆದ್ರೆ ಕೋಸ್ಟರಿಕಾದ ಸ್ಯಾನ್ ಹೋಸೆಗೆ ಬಂದ್ರೆ ಅಂತರ 3-4 ವರ್ಷಕ್ಕೆ ಇಳಿಯುತ್ತೆ. ನಂಗೆ ಈ ಕೊನೆ ನಂಬರೇ ಮುಖ್ಯ, ಯಾಕಂದ್ರೆ ಅದನ್ನ ನೋಡಿದ ಮೇಲೆ ಬಡವರು ಬೇಗ ಸಾಯೋದು ಹಣೆಬರಹ ಅಂತ ಯಾರೂ ಸುಮ್ನೆ ಕೂರಕ್ಕಾಗಲ್ಲ.

[ಸ್ಕ್ರೀನ್ ಮೇಲೆ: ಲ್ಯಾಟಿನ್ ಅಮೆರಿಕ ಮ್ಯಾಪ್, ಚುಕ್ಕಿಗಳು ಒಂದೊಂದಾಗಿ ಬೆಳಗ್ತವೆ]

ಈ ಲೆಕ್ಕ 2019ರಲ್ಲಿ ಹೊರಗೆ ಬಂತು, ಹಾಕಿದ್ದು ಲ್ಯಾಟಿನ್ ಅಮೆರಿಕದ ನಗರಗಳ ಆರೋಗ್ಯ ನೋಡೋ ಸಲುರ್ಬಾಲ್ ಅನ್ನೋ ಪ್ರಾಜೆಕ್ಟು. 2017ರಲ್ಲಿ ಶುರು ಆಗಿದ್ದು. ದುಡ್ಡು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್‌ದು, ಮುಂದಾಳು ಅಮೆರಿಕದ ಡ್ರೆಕ್ಸೆಲ್ ಯೂನಿವರ್ಸಿಟಿಯ ಅನಾ ಡಿಯೆಸ್ ರೂ, ಜೊತೆಗೆ ಬ್ರೆಜಿಲ್, ಮೆಕ್ಸಿಕೋ, ಪೆರು, ಕೊಲಂಬಿಯಾ ಹೀಗೆ ಆಯಾ ದೇಶದ ಸಂಶೋಧಕರು. ಒಟ್ಟು 11 ದೇಶ, 1 ಲಕ್ಷಕ್ಕಿಂತ ಜಾಸ್ತಿ ಜನ ಇರೋ 371 ನಗರ.

ಈಗ ಕಷ್ಟದ ವಿಷ್ಯಕ್ಕೆ ಬರ್ತೀನಿ. ಎಲ್ಲಾ ದೇಶದ ಡೇಟಾ ತಂದು ಒಂದು ಕಡೆ ಸುರಿದ್ರೆ ಆಯ್ತಲ್ಲ ಅನ್ಸುತ್ತೆ, ಆದ್ರೆ ಮೊದಲನೇ ಪ್ರಶ್ನೆಗೇ ಎಲ್ರೂ ನಿಂತ್ಬಿಡ್ತಾರೆ: ಊರು ಅಂದ್ರೆ ಎಲ್ಲಿಂದ ಎಲ್ಲಿವರೆಗೆ? ನಮ್ಮ ಬೆಂಗಳೂರನ್ನೇ ತಗೊಳ್ಳಿ, 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರ್ಸಿ ಬಿಬಿಎಂಪಿ ಮಾಡಿದ್ರು, 2025ರಲ್ಲಿ ಅದನ್ನ 5 ಪಾಲಿಕೆ ಮಾಡಿದ್ರು, ಮನೆಗಳು ಮಾತ್ರ ಯಾವ ಗಡಿಯನ್ನೂ ಕೇಳ್ದೆ ಬೆಳೀತಾನೇ ಇವೆ. ಅಲ್ಲೂ ಹಂಗೇ. ಅದಕ್ಕೆ ಇವ್ರು ಆಡಳಿತದ ಗಡಿ ಒಂದು ಕಡೆ ಇಟ್ಕೊಂಡು, ಸ್ಯಾಟಲೈಟ್ ಫೋಟೋದಲ್ಲಿ ಕಟ್ಟಡ ಎಲ್ಲಿವರೆಗೂ ಹಬ್ಬಿದೆ ಅಂತಾನೂ ನೋಡಿ, ನಗರ, ಅದರೊಳಗಿನ ಭಾಗ, ಅದರೊಳಗಿನ ಬಡಾವಣೆ ಅಂತ ಎಲ್ಲಾ ದೇಶಕ್ಕೂ ಒಂದೇ ಅಳತೆಗೋಲು ಮಾಡ್ಕೊಂಡ್ರು.

ಆಮೇಲೆ ಸಾವಿನ ರಿಜಿಸ್ಟರು. ಕೆಲವು ಕಡೆ ಸತ್ತವರೆಲ್ಲ ದಾಖಲೆಗೆ ಬರೋದೇ ಇಲ್ಲ, ಹಾಗಾಗಿ ಇದ್ದ ನಂಬರನ್ನ ಹಂಗೇ ನಂಬಿದ್ರೆ ದಾಖಲೆ ಸರಿಯಿಲ್ಲದ ಊರೇ ಆರೋಗ್ಯವಂತ ಊರು ಅಂತ ಕಾಣುತ್ತೆ! ಆ ಕೊರತೆಯನ್ನ ಅಂದಾಜು ಮಾಡಿ ಸರಿ ಮಾಡ್ಬೇಕು. ಇದು ಯಾರ ಕಣ್ಣಿಗೂ ಬೀಳದ ಕೆಲಸ, ಆದ್ರೆ ಇದನ್ನ ಮಾಡ್ದೆ ಇದ್ದಿದ್ರೆ ಸ್ಯಾಂಟಿಯಾಗೋನ ಸ್ಯಾನ್ ಹೋಸೆ ಪಕ್ಕ ಇಟ್ಟು ನೋಡೋಕೇ ಆಗ್ತಿರ್ಲಿಲ್ಲ.

[ಗ್ರಾಫಿಕ್: ಥರ್ಮಾಮೀಟರ್]

ಅದೇ ಡೇಟಾ ಇಟ್ಕೊಂಡು 2022ರಲ್ಲಿ 9 ದೇಶದ 326 ನಗರಗಳಲ್ಲಿ ಬಿಸಿಲು, ಚಳಿ ನೋಡಿದ್ರು. ಸಿಕ್ಕಾಪಟ್ಟೆ ಸೆಕೆ ಇರೋ ದಿನಗಳಲ್ಲಿ ಇನ್ನೊಂದೇ 1 ಡಿಗ್ರಿ ಏರಿದ್ರೂ ಸಾವು 5.7% ಹೆಚ್ಚಾಗುತ್ತೆ ಅಂತ ಗೊತ್ತಾಯ್ತು. ಒಂದೇ ಊರಿನ ಲೆಕ್ಕದಲ್ಲಿ ಇಷ್ಟು ಗಟ್ಟಿಯಾಗಿ ಹೇಳೋಕಾಗಲ್ಲ.

[ವಿಡಿಯೋ: ಬೆಟ್ಟದ ಮನೆಗಳ ಮೇಲೆ ಕೆಂಪು ಕೇಬಲ್ ಕಾರ್]

ನಂಗೆ ತುಂಬಾ ಇಷ್ಟ ಆಗಿದ್ದು ಬೊಗೊಟಾದ ಕೆಲಸ. ಕೊಲಂಬಿಯಾದ ರಾಜಧಾನಿ. ಅದರ ದಕ್ಷಿಣಕ್ಕೆ ಸಿಯುದಾದ್ ಬೊಲಿವಾರ್ ಅಂತ ಬೆಟ್ಟದ ಮೇಲಿನ ಬಡವರ ಏರಿಯಾ, ಕೆಳಗೆ ಬಸ್ ಸ್ಟೇಷನ್ ತಲುಪೋಕೇ ಒಂದು ಗಂಟೆ ಹೋಗ್ತಿತ್ತು. 2018ರ ಡಿಸೆಂಬರಲ್ಲಿ ಟ್ರಾನ್ಸ್‌ಮಿಕೇಬಲ್ ಅನ್ನೋ ಕೇಬಲ್ ಕಾರ್ ಶುರು ಆಯ್ತು, 3 ಕಿಲೋಮೀಟರ್ ಚಿಲ್ಲರೆ, 4 ಸ್ಟೇಷನ್, ಈಗ ಸುಮಾರು 13 ನಿಮಿಷ. ದಿನಾ ಉಳಿಯೋ ಆ ಟೈಮಲ್ಲಿ ಅಮ್ಮ ಮಗು ಜೊತೆ ಇರಬಹುದು, ನಿದ್ದೆ ಮಾಡಬಹುದು, ಡಾಕ್ಟ್ರ ಹತ್ರ ಹೋಗಬಹುದು, ಇದೂ ಆರೋಗ್ಯಾನೇ ಅಲ್ವಾ.

ಆದ್ರೆ ಬದಲಾವಣೆ ಕೇಬಲ್ ಕಾರಿಂದಾನೇ ಆಯ್ತು ಅಂತ ಹೇಗೆ ಹೇಳೋದು? ಸಂಶೋಧಕರು ಕೇಬಲ್ ಓಡೋಕೆ ಮುಂಚೇನೇ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿದ್ರು, ಓಡಿದ ಮೇಲೆ ಮತ್ತೆ ಹೋಗಿ ಅದನ್ನೇ ಕೇಳಿದ್ರು: ಎಷ್ಟು ನಡೀತೀರಿ, ಎಷ್ಟು ಹೊತ್ತು ಪ್ರಯಾಣ. ಇಷ್ಟೇ ಅಲ್ಲ, ಅದೇ ಊರಿನ ಸ್ಯಾನ್ ಕ್ರಿಸ್ಟೋಬಾಲ್ ಅನ್ನೋ ಇನ್ನೊಂದು ಬಡವರ ಬೆಟ್ಟಕ್ಕೂ ಹೋದ್ರು. ಕೇಬಲ್ ಕಾರ್ ಅಲ್ಲಿಗೂ ಬರುತ್ತೆ ಅಂತ ಆಗ ಪ್ಲಾನ್ ಮಾತ್ರ ಆಗಿತ್ತು. ಹಾಗಾಗಿ ಎರಡೂ ಬೆಟ್ಟ ಪಕ್ಕಪಕ್ಕ ಇಟ್ಟು ನೋಡಿದ್ರೆ, ಕೇಬಲ್ ಇರೋ ಕಡೆ ಮಾತ್ರ ಆದ ಬದಲಾವಣೆ ಯಾವುದು ಅಂತ ಗೊತ್ತಾಗುತ್ತೆ.